ಸೂರಿಗೆ ಮುಟ್ಟದ ಗೋಡೆ

ನಗುವಂಥ ಸಂಗತಿಗಳು ನಗುವವರ ಮನೆಯಲ್ಲಿ ಮಾತ್ರ ನಡೆಯುತ್ತವೆ ಅಂದುಕೊಂಡಿದ್ದೆ. ಹಾಗೇನಿಲ್ಲ. ಒಬ್ಬನೇ ಇರುವವನ ಮನೆಗೂ ಅವು ಬರುತ್ತವೆ; ಬಂದು, ಜೊತೆಗೆ ನಗಲಿಕ್ಕೆ ಯಾರೂ ಇಲ್ಲದ್ದು ನೋಡಿ, ಸ್ವಲ್ಪ ಹೊತ್ತು ಜಗಲಿಯಲ್ಲಿ ಕೂತು ಎದ್ದು ಹೋಗುತ್ತವೆ. ನನ್ನಲ್ಲಿಗೆ ಬಂದ ನಾಲ್ಕಾರನ್ನು ಬರೆದಿಡುತ್ತೇನೆ. ಎಲ್ಲವೂ ಕೊಪ್ಪದಲ್ಲಿ, ಒಂದೇ ಹೆಂಚಿನ ಮನೆಯ ಸಲುವಾಗಿ ನಡೆದದ್ದು. ನಮ್ಮ ಪೇಟೆಗೆ ಆಗಷ್ಟೇ ಮೊಬೈಲ್ ಫೋನು ಬಂದಿದ್ದ ಕಾಲ.

ಉಪ್ಪು

ನಾನು ಓದಿದ್ದು ಶೆಟ್ಟಿಕೊಪ್ಪದ ಶಾಲೆಯಲ್ಲಿ, ಏಳನೇ ತರಗತಿಯವರೆಗೆ. ಅಕ್ಷರ ದುಂಡಗಿದೆ ಅಂತ ಕೊಪ್ಪದ ಸಾಹುಕಾರರೊಬ್ಬರು ತಮ್ಮ ರೈಸ್ ಮಿಲ್ಲಿನಲ್ಲಿ ಬರೆಯುವ ಕೆಲಸ ಕೊಟ್ಟರು. ಅವರಿಗೆ ಶೃಂಗೇರಿಯಲ್ಲಿ ಒಂದು ಲಾಡ್ಜು, ನರಸಿಂಹರಾಜಪುರದಲ್ಲಿ ಒಂದು ಮರದ ಮಿಲ್ಲು ಇತ್ತು. ನನಗೆ ಇರಲಿಕ್ಕೆ ಪೇಟೆ ರಸ್ತೆಯ ಒಂದು ಹೆಂಚಿನ ಮನೆಯ ಅರ್ಧ ಭಾಗ ಕೊಟ್ಟಿದ್ದರು.

ಅರ್ಧ ಅಂದೆ. ಇನ್ನರ್ಧದಲ್ಲಿ ಒಬ್ಬರು ಅಜ್ಜಿ, ಅವರ ಮಗ, ಸೊಸೆ ಇದ್ದರು. ಮೊದಲು ಮನೆ ಪೂರ್ತಿ ಅವರದೇ. ಅಜ್ಜಿಯ ಗಂಡ ಬದುಕಿದ್ದಾಗ ಯಾವುದೋ ಕಷ್ಟಕ್ಕೆ ಅರ್ಧ ಮಾರಿದರು, ಸಾಹುಕಾರರು ಕೊಂಡರು, ನಡುವೆ ಒಂದು ಗೋಡೆ ಎದ್ದಿತು. ಗೋಡೆ ಒಂದಾಳೆತ್ತರಕ್ಕಿಂತ ಸ್ವಲ್ಪ ಮೇಲೆ ಹೋಗಿ ನಿಂತಿದೆ. ಸೂರಿನವರೆಗೆ ಏರಿಸಬೇಕು ಅನ್ನುವಷ್ಟರಲ್ಲಿ ಗೋಡೆ ಕಟ್ಟುವವನ ಮಗಳ ಮದುವೆ ಬಂತಂತೆ. ಆಮೇಲೆ ಮಳೆಗಾಲ ಬಂತಂತೆ. ಆಮೇಲೆ ಎಲ್ಲರಿಗೂ ಅಭ್ಯಾಸವಾಯಿತಂತೆ. ಹಾಗಾಗಿ ಆ ಕಡೆಯ ಒಗ್ಗರಣೆಗೆ ಈ ಕಡೆ ನಾನು ಕೆಮ್ಮಬೇಕು. ಅವರ ಬೆಕ್ಕು ಎರಡೂ ಮನೆಯಲ್ಲಿ ಹಾಲು ಕುಡಿಯುತ್ತಿತ್ತು.

ನನ್ನ ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಮಕ್ಕಳಿಲ್ಲ. ಬೆಳಿಗ್ಗೆ ಸ್ನಾನ, ಸಂಧ್ಯಾವಂದನೆ, ಒಂದು ಪಾವು ಅಕ್ಕಿ ಬೇಯಿಸಿ ದೇವರಿಗೆ ತೋರಿಸುವುದು, ಮಿಲ್ಲಿಗೆ ಹೋಗುವುದು. ಮನೆಯಲ್ಲಿ ಮಾತು ಅಂತ ಆಡುತ್ತಿದ್ದದ್ದು ಮಂತ್ರ ಮಾತ್ರ. ಮಧ್ಯಾಹ್ನ ಊಟಕ್ಕೆ ಬಂದರೆ ಗೋಡೆಯ ಮೇಲಿನಿಂದ ಅಜ್ಜಿಯ ದನಿ ಕೇಳುತ್ತಿತ್ತು: "ರಾಯರೇ, ಊಟ ಆಯ್ತಾ?"

"ಆಯ್ತು ಅಜ್ಜೀ."

ಇಷ್ಟೇ. ಇಡೀ ದಿನಕ್ಕೆ ನನ್ನನ್ನು ಯಾರಾದರೂ ಕೇಳುವ ಸ್ವಂತ ಪ್ರಶ್ನೆ ಅದೊಂದೇ. ಮಿಲ್ಲಿನಲ್ಲಿ ಕೇಳುವುದೆಲ್ಲ ಅಕ್ಕಿ ವಿಷಯ.

ಒಂದು ಏಕಾದಶಿಯ ಮಾರನೇ ದಿನ ಪಾರಣೆಗೆ ಅನ್ನ, ಹೆಸರುಬೇಳೆ ತೊವ್ವೆ ಮಾಡಿದ್ದೆ. ಗಂಟೆ ಬಾರಿಸಿ, ನೈವೇದ್ಯ ತೋರಿಸಿ, ಕಣ್ಣು ಮುಚ್ಚಿ "ಕೃಷ್ಣಾರ್ಪಣಮಸ್ತು" ಅಂದೆ.

ಗೋಡೆಯಾಚೆಯಿಂದ ದನಿ ಬಂತು: "ತೊವ್ವೆಗೆ ಉಪ್ಪು ಹಾಕಿದ್ರಾ?"

ಹಾಕಿರಲಿಲ್ಲ. ನನ್ನ ಉಪ್ಪಿನ ಭರಣಿಯ ಮುಚ್ಚಳ ತೆಗೆಯುವಾಗ ಕಿರ್ರ್ ಅನ್ನುತ್ತದೆ. ಅವತ್ತು ಆ ಶಬ್ದ ಬರಲಿಲ್ಲ ಅಂತ ಅಜ್ಜಿ ಆ ಕಡೆ ಕೂತು ಗಮನಿಸಿದ್ದಾರೆ.

"ಮೊದಲೇ ಹೇಳೋದಲ್ಲವಾ ಅಜ್ಜೀ? ದೇವರಿಗೆ ತೋರಿಸಿ ಆಯ್ತಲ್ಲ!"

"ದೇವರು ಎಂತದೂ ಹೇಳಲ್ಲ ಬಿಡಿ. ಮೂರು ವರ್ಷದಿಂದ ನಿಮ್ಮ ಅಡಿಗೆ ಉಣ್ತಾ ಇದಾನೆ, ಒಂದು ದಿನ ಬಾಯಿ ಬಿಟ್ಟಿದಾನಾ?"

ಅಂಟು

ಸಾಹುಕಾರರಿಗೆ ಕೊಪ್ಪದಲ್ಲೂ ಒಂದು ಲಾಡ್ಜು ಕಟ್ಟಬೇಕು ಅಂತ ಮನಸ್ಸು ಬಂತು. ಶೃಂಗೇರಿಗೆ ಹೋಗುವ ಯಾತ್ರಿಕರು ದಾರಿಯಲ್ಲಿ ಇಳಿದುಕೊಳ್ಳಲಿ ಅಂತ. ಜಾಗ ನಮ್ಮ ಮನೆಯದು. ಅರ್ಧ ಅವರ ಕೈಯಲ್ಲೇ ಇತ್ತು, ಇನ್ನರ್ಧ ಬೇಕು.

ನನ್ನನ್ನು ಕರೆದು ಹೇಳಿದರು: "ನಿನಗೆ ಪಕ್ಕದ ಮನೆ. ನೀನೇ ಹೋಗಿ ಮಾತಾಡು ಮಾರಾಯ. ಪೇಟೆ ರೇಟಿಗಿಂತ ಜಾಸ್ತಿ ಕೊಡ್ತೇನೆ ಅನ್ನು."

ಹೊರಟೆ. ಆ ಮನೆ ಹೋದರೆ ಮಧ್ಯಾಹ್ನದ ಪ್ರಶ್ನೆಯೂ ಹೋಗುತ್ತದೆ ಅನ್ನುವುದು ನನ್ನ ಮನಸ್ಸಿಗೆ ಬಾರದೆ ಇರಲಿಲ್ಲ. ಆದರೆ ಅನ್ನ ಕೊಟ್ಟ ಧಣಿ.

ಬಾಗಿಲು ತೆಗೆದವರು ಅಜ್ಜಿಯ ಮಗ. ತಲೆಯ ಮೇಲೆ ದೊಡ್ಡ ಕಿರೀಟ. ಮೈಮೇಲೆ ಬನೀನು, ಸೊಂಟಕ್ಕೆ ಲುಂಗಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅವರು ಮೊದಲು ಅಡಿಕೆ ಮಂಡಿಯೊಂದರಲ್ಲಿ ಒಳ್ಳೆಯ ಕೆಲಸದಲ್ಲಿದ್ದವರು. ಒಂದು ದಿನ ಬೆಳಿಗ್ಗೆ ಚಪ್ಪಲಿ ಮೆಟ್ಟಿದವರು, ಮತ್ತೆ ಬಿಚ್ಚಿ ಒಳಗೆ ಬಂದು, "ಅಮ್ಮಾ, ಇವತ್ತಿಂದ ಹೋಗಲ್ಲ. ಅಲ್ಲಿ ನನಗೆ ಖುಷಿ ಆಗ್ತಾ ಇಲ್ಲ" ಅಂದರಂತೆ. ಅಜ್ಜಿ, "ಹಾಗಾದ್ರೆ ದೋಸೆ ಇನ್ನೆರಡು ತಿನ್ನು, ಆರಾಮಾಗಿ" ಅಂದರಂತೆ. ಆಮೇಲೆ ಅವರು ಯಕ್ಷಗಾನದ ಮೇಳಗಳಿಗೆ ಹಗುರ ಮರದಲ್ಲಿ ಕಿರೀಟ, ಭುಜಕೀರ್ತಿ ಮಾಡಿಕೊಡುತ್ತಾ ಮನೆಯಲ್ಲೇ ಉಳಿದರು. ಅಳತೆಗೆ ಅಂತ ಬಂದ ವೇಷಧಾರಿಗಳೆಲ್ಲ ಅಲ್ಲೇ ಊಟಕ್ಕೆ ಕೂರುತ್ತಿದ್ದರು. ಒಂದೊಂದು ದಿನ ಗೋಡೆಯಾಚೆ ಅರ್ಧ ರಾಮಾಯಣವೇ ಮಜ್ಜಿಗೆಹುಳಿ ಸುರಿಯುವುದು ಕೇಳುತ್ತಿತ್ತು.

ಜಗಲಿಯಲ್ಲಿ ಕೂತೆ. ವಿಷಯ ಹೇಳಿದೆ. ಕಿರೀಟದವರು ಅಲ್ಲಾಡದೆ ನನ್ನನ್ನೇ ನೋಡುತ್ತಾ ಕೇಳಿಸಿಕೊಂಡರು. ಗಾಂಭೀರ್ಯ ನೋಡಿ ನನಗೆ ಮಾತು ತಡವರಿಸಿತು. ಆಸ್ಥಾನದಲ್ಲಿ ಬಿನ್ನವತ್ತಳೆ ಓದಿದ ಹಾಗಾಯಿತು.

"ಎಂತ ಹೇಳ್ತೀರಿ?" ಅಂದೆ.

ಅವರು ತುಟಿ ಮಾತ್ರ ಆಡಿಸಿ ಮೆಲ್ಲಗೆ ಹೇಳಿದರು: "ರಾಯರೇ, ಹೌದು ಅನ್ನಕ್ಕೂ ಇಲ್ಲ ಅನ್ನಕ್ಕೂ ಈಗ ತಲೆ ಅಲ್ಲಾಡಿಸೋ ಹಾಗಿಲ್ಲ. ಮುಂದಲೆ ಪಟ್ಟಿಗೆ ಅಂಟು ಹಾಕಿದೀನಿ. ನನ್ನ ತಲೆ ಅಳತೆಗೇ ಒಣಗಬೇಕು."

ಅಷ್ಟರಲ್ಲಿ ಸೊಸೆ ಬೆಲ್ಲ, ನೀರು ತಂದಿಟ್ಟರು. ಹಿಂದಿಂದಲೇ ಎಲೆ ಹಾಕಿದರು. ಉಂಡು ಬಂದೆ.

ಸಾಹುಕಾರರು ಮಿಲ್ಲಿನ ಬಾಗಿಲಲ್ಲೇ ಕಾಯುತ್ತಿದ್ದರು. "ಏನಂದ?"

"ಅಂಟು ಒಣಗಬೇಕಂತೆ" ಅಂದೆ.

ಸಾಹುಕಾರರು ತುಂಬ ಹೊತ್ತು ಯೋಚನೆ ಮಾಡಿ, "ಬಲೇ ಘಾಟಿ ಇದಾನೆ. ಇನ್ನೂ ಸ್ವಲ್ಪ ಏರಿಸು" ಅಂದರು.

ಹಪ್ಪಳ

ಏರಿಸಿದರೂ ಆಗಲಿಲ್ಲ. ಆಗ ಸಾಹುಕಾರರು ಬೇರೆ ದಾರಿ ಹಿಡಿದರು. ಬಾಳಗಡಿಯಲ್ಲಿ ಅವರದೊಂದು ಹೊಸ ತಾರಸಿ ಮನೆ ಖಾಲಿ ಇತ್ತು. ಹಳೆಯ ಅರ್ಧಕ್ಕೆ ಬದಲಾಗಿ ಆ ಪೂರ್ತಿ ಮನೆ. ಯಾರಾದರೂ ಬೇಡ ಅಂತಾರಾ?

ಜೀಪಿನಲ್ಲಿ ಮೂವರನ್ನೂ ಕೂರಿಸಿಕೊಂಡು ತೋರಿಸಲಿಕ್ಕೆ ನಾನೇ ಹೋದೆ. ಅಜ್ಜಿ ಕೋಣೆ ಕೋಣೆ ಸುತ್ತಿದರು. ಗೋಡೆ ತಟ್ಟಿದರು. ತಲೆ ಎತ್ತಿ ನೋಡಿದರು.

"ಇದೆಂತದು, ಗೋಡೆ ಎಲ್ಲ ಮೇಲಿನವರೆಗೂ ಇದೆ!"

"ಹೊಸ ಮನೆ ಅಲ್ಲವಾ ಅಜ್ಜೀ."

"ಒಬ್ಬೊಬ್ಬರಿಗೆ ಒಂದೊಂದು ಕೋಣೆ ಕೊಟ್ಟು ಬಾಗಿಲು ಬೇರೆ ಇಟ್ಟಿದಾರೆ. ಬೆಳಗಾದ್ರೆ ಒಬ್ಬರನ್ನೊಬ್ಬರು ಹುಡುಕೋದೇ ಕೆಲಸ ಆಗ್ತದೆ. ಬೇಡ ಮಾರಾಯ್ರೆ."

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಆದರೆ ಸೊಸೆ ಕಾಣಲಿಲ್ಲ. ಹುಡುಕಿದರೆ ತಾರಸಿಯ ಮೇಲೆ ನಿಂತಿದ್ದಾರೆ. ಕಣ್ಣಲ್ಲಿ ನೀರೇ ಬಂದಿದೆ.

"ಇಷ್ಟು ಬಿಸಿಲು! ಇಷ್ಟು ಜಾಗ!"

ಅವರಿಗೆ ಹಪ್ಪಳದ ಹುಚ್ಚು. ಹಲಸು, ಗೆಣಸು, ಬಾಳೆಕಾಯಿ, ಯಾವುದನ್ನೂ ಬಿಟ್ಟವರಲ್ಲ. ಒಮ್ಮೆ ಪಪ್ಪಾಯಿದೂ ಮಾಡಿದ್ದರು, ಬೆಕ್ಕು ಮೂಸಿ ನೋಡಿ ಹೊರಟುಹೋಗಿತ್ತು. ಮಾರುವುದು ಅಂತಿಲ್ಲ, ಬಂದವರಿಗೆಲ್ಲ ಕೊಡುವುದು. ಹೆಂಚಿನ ಮನೆಯಲ್ಲಿ ಒಣಗಿಸಲು ಜಾಗವಿಲ್ಲದೆ ಅಂಗಳದಲ್ಲಿ ಚಾಪೆ ಹಾಸಿ ಕೋಳಿ ಕಾಯುತ್ತಾ ಕೂರಬೇಕಿತ್ತು.

"ಮನೆ ಬೇಡ. ಆದ್ರೆ ಒಂದು ನಾಲ್ಕು ದಿನ ಇಲ್ಲಿ ಹಪ್ಪಳ ಒಣಗಿಸಬಹುದಾ ಕೇಳ್ತೀರಾ?" ಅಂದರು.

ಕೇಳಿದೆ. ಹೇಗಾದರೂ ಮನೆ ರೂಢಿಯಾಗಲಿ, ಒಪ್ಪಿಯಾರು ಅಂತ ಸಾಹುಕಾರರು ಹೂಂ ಅಂದರು. ಆ ಬೇಸಿಗೆ ಪೂರ್ತಿ ಆ ಮನೆಯ ಕಾವಲಿಗಿದ್ದವನು ತಾರಸಿಯ ಮೇಲೆ ಕೊಡೆ ಹಿಡಿದು ಕೂತು ಕಾಗೆ ಓಡಿಸಿದ. ಮನೆಗೆ ಯಾರೂ ಬರಲಿಲ್ಲ. ಹೊಸ ಮನೆಯಿಂದ ಸಾಹುಕಾರರಿಗೆ ಬಂದ ಉತ್ಪತ್ತಿ ಅಂದರೆ ಒಂದು ಡಬ್ಬ ಹಲಸಿನ ಹಪ್ಪಳ. ಅದನ್ನು ತಿನ್ನುತ್ತಾ ಅವರು ಹೇಳಿದರು: "ರುಚಿ ಇದೆ ಮಾರಾಯ. ಅದಕ್ಕೇ ನನಗೆ ಜಾಸ್ತಿ ಸಿಟ್ಟು ಬರೋದು."

ಮಜ್ಜಿಗೆ

ಸಾಹುಕಾರರ ಬಗ್ಗೆ ಕೆಟ್ಟದು ಬರೆಯಲಾರೆ. ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಹಗಲು ಕಾರು ಕಳಿಸಿದವರು ಅವರೇ. ದುಡ್ಡಿದ್ದವರ ಮನೆ ಹೇಗಿರುತ್ತದೆ ಅನ್ನುವುದನ್ನು ಮಾತ್ರ ಹೇಳುತ್ತೇನೆ.

ಒಂದು ದಿನ ರುಜು ಹಾಕಿಸಲು ಕಾಗದ ಹಿಡಿದು ಅವರ ಮನೆಗೆ ಹೋದೆ. ಮಧ್ಯಾಹ್ನ. ಹನ್ನೆರಡು ಜನ ಕೂರುವ ಮೇಜು. ಒಂದು ತುದಿಯಲ್ಲಿ ಸಾಹುಕಾರರು ಒಬ್ಬರೇ ಉಣ್ಣುತ್ತಿದ್ದರು. ಅಡಿಗೆಯವರು ಬಡಿಸಿ ಹೊರಗೆ ಹೋಗಿದ್ದರು. ಕೋಣೆ ಕೋಣೆಗೂ ಫೋನು ಇಟ್ಟಿದ್ದ ಮನೆ ಅದು. ಗುಂಡಿ ಒತ್ತಿದರೆ ಒಳಗೊಳಗೇ ಮಾತಾಡಬಹುದು. ಸಾಹುಕಾರರು ಮಜ್ಜಿಗೆಗೆ ಅಂತ ಅಡಿಗೆಮನೆಯ ಗುಂಡಿ ಒತ್ತಿದರು, ಯಾರೂ ಎತ್ತಲಿಲ್ಲ. ಇನ್ನೊಂದು ಒತ್ತಿದರು. ಅದು ಮಹಡಿಯ ಮೇಲೆ ಅವರ ಹೆಂಡತಿಯ ಕೋಣೆಯದು. ಅಮ್ಮನವರು ಟಿವಿ ಧಾರಾವಾಹಿ ನೋಡುತ್ತಿದ್ದರು.

"ಹಲೋ, ಯಾರು?" ಅನ್ನುವುದು ನನಗೂ ಕೇಳಿಸಿತು. ಸಾಹುಕಾರರಿಗೆ ಕಿವಿ ಸ್ವಲ್ಪ ಮಂದ, ಫೋನುಗಳನ್ನೆಲ್ಲ ಜೋರಾಗಿ ಇಟ್ಟಿದ್ದರು.

"ನಾನು."

"ನಾನು ಅಂದ್ರೆ?"

ಸಾಹುಕಾರರು ಏನೋ ಹೇಳಲು ಹೋದರು, ಗಂಟಲಲ್ಲಿ ಅನ್ನ ಸಿಕ್ಕಿ ಕೆಮ್ಮು ಬಂತು. "ರಾಂಗ್ ನಂಬರ್" ಅಂತ ಅಮ್ಮನವರು ಇಟ್ಟರು.

ನಾನೇ ಅಡಿಗೆಮನೆಗೆ ಹೋಗಿ ಮಜ್ಜಿಗೆ ತಂದು ಬಡಿಸಿದೆ. ಸ್ವಲ್ಪ ಹೊತ್ತಿಗೆ ಅಮ್ಮನವರು ಕೆಳಗಿಳಿದು ಬಂದು, "ಯಾರೋ ಫೋನ್ ಮಾಡಿದ್ರು, ಹೆಸರು ಹೇಳಲಿಲ್ಲ" ಅಂದರು.

ಸಾಹುಕಾರರು ತಲೆ ಎತ್ತದೆ ಅಂದರು: "ಮತ್ತೆ ಮಾಡಿದರೆ, ಅವರು ಊಟಕ್ಕೆ ಕೂತಿದಾರೆ ಅಂತ ಹೇಳು."

ಅವರಿಗೆ ಇಬ್ಬರು ತಮ್ಮಂದಿರು. ಆಸ್ತಿ ಪಾಲಾದ ಮೇಲೆ ಮೂವರಿಗೂ ಮಾತಿಲ್ಲ. ತಂದೆಯ ಶ್ರಾದ್ಧವನ್ನು ಮೂವರೂ ಒಂದೇ ದಿನ ಶೃಂಗೇರಿಯಲ್ಲಿ ಮೂರು ಕಡೆ, ಪುರೋಹಿತರಿಗೆ ಹೇಳಿ ಮಾಡಿಸಿಬಿಡುತ್ತಿದ್ದರು. ಒಬ್ಬರ ಕಣ್ಣಿಗೆ ಒಬ್ಬರು ಬೀಳದ ಹಾಗೆ ಹೊತ್ತನ್ನೂ ಬೇರೆ ಬೇರೆ ಇಟ್ಟುಕೊಂಡಿದ್ದರು. ನಾನು ಸಲುಗೆಯಿಂದ ಒಮ್ಮೆ, "ಪಾಪ, ಹಿರಿಯರು ಒಂದೇ ದಿನ ಮೂರು ಕಡೆ ಉಣ್ಣಬೇಕಲ್ಲ" ಅಂದೆ.

"ಅದಕ್ಕೇ ನಾನು ಮೊದಲನೇ ಹೊತ್ತು ಹಿಡಿದಿದೀನಿ" ಅಂದರು. "ಹಸಿವಿದ್ದಾಗ ನಮ್ಮಲ್ಲಿ ಉಣ್ಣಲಿ."

ಅಜ್ಜನ ಮಣೆ

ಕೊನೆಗೆ ಸಾಹುಕಾರರ ತಾಳ್ಮೆ ಮುಗಿಯಿತು. ನನ್ನನ್ನು ಕೂರಿಸಿಕೊಂಡು ಹೇಳಿದರು: "ಅವರು ಕೊಡದಿದ್ದರೆ ಬೇಡ. ನಮ್ಮ ಅರ್ಧ ನಾನು ಕೆಡವ್ತೇನೆ. ಎರಡಕ್ಕೂ ಒಂದೇ ಸೂರು, ಒಂದೇ ತೊಲೆ. ಈ ಕಡೆ ಕೆಡವಿದರೆ ಆ ಕಡೆ ಒಂದು ಮಳೆಗಾಲ ನಿಲ್ಲಲ್ಲ. ತಾವಾಗೇ ಏಳ್ತಾರೆ. ನಿನಗೆ ಶೃಂಗೇರಿ ಲಾಡ್ಜಿನಲ್ಲಿ ಒಂದು ರೂಮು ಕೊಡ್ತೇನೆ. ಹೋಗಿ ಹೇಳು."

ಹೇಳಲಿಲ್ಲ. ಹೋಗುತ್ತಿದ್ದೆ, ಉಣ್ಣುತ್ತಿದ್ದೆ, ಬರುತ್ತಿದ್ದೆ. "ಹೇಳಿದ್ಯಾ?" ಅಂದರೆ "ಇವತ್ತು ಮಂಗಳವಾರ" ಅನ್ನುತ್ತಿದ್ದೆ, "ಅಮಾವಾಸ್ಯೆ" ಅನ್ನುತ್ತಿದ್ದೆ. ಮನೆಯಲ್ಲಿ ಸಂಜೆ ಕೂತು ಲಾಡ್ಜಿನ ರೂಮನ್ನು ನೆನೆಸಿಕೊಳ್ಳುತ್ತಿದ್ದೆ. ಸೂರಿನವರೆಗೂ ಸಿಮೆಂಟಿನ ಗೋಡೆ. ಪಕ್ಕದಲ್ಲಿ ದಿನಕ್ಕೊಬ್ಬ ಯಾತ್ರಿಕ. ಉಪ್ಪು ಹಾಕಿದೆಯಾ ಅಂತ ಯಾರು ಕೇಳುತ್ತಾರೆ?

ಹೀಗಿರುವಾಗ ಪಕ್ಕದ ಮನೆಯ ಅಜ್ಜನ ಶ್ರಾದ್ಧ ಬಂತು. ಪ್ರತಿ ವರ್ಷ ದೇವಸ್ಥಾನಕ್ಕೆ, ಅಂದರೆ ವಿಶ್ವೇದೇವರ ಮಣೆಗೆ, ನಾನು ಕೂರುವುದು. ಪಿತೃಸ್ಥಾನಕ್ಕೆ, ಅಂದರೆ ತೀರಿಹೋದ ಅಜ್ಜನೇ ಅಂತ ಭಾವಿಸಿ ಉಣ್ಣಿಸುವ ಮಣೆಗೆ, ಕಮ್ಮರಡಿಯ ಭಟ್ಟರೊಬ್ಬರು ಬರುತ್ತಿದ್ದರು. ಅಲ್ಲಿ ಅಜ್ಜಿಯದೊಂದು ಸ್ವಂತ ಪದ್ಧತಿ ಇತ್ತು. ಊಟ ಮುಗಿದು ಆಶೀರ್ವಾದವಾದ ಮೇಲೆ ಆ ಮಣೆಯವರಿಗೆ ನಮಸ್ಕಾರ ಮಾಡಿ, ವರ್ಷದ ವರದಿ ಒಪ್ಪಿಸುವುದು. "ದನ ಹೆಣ್ಣುಗರು ಹಾಕಿತು. ಹಿತ್ತಿಲ ನೆಲ್ಲಿಮರ ಬಿತ್ತು. ನಿಮ್ಮ ಮಗ ಮಂಡಿ ಬಿಟ್ಟ, ಬೈಬೇಡಿ, ಮೈಯಲ್ಲಿ ಸ್ವಲ್ಪ ತುಂಬಿಕೊಂಡಿದಾನೆ." ಭಟ್ಟರು ಕೇಳಿ "ಹೂಂ" ಅನ್ನುತ್ತಿದ್ದರು. ಅಜ್ಜಿಗೆ ಅಷ್ಟು ಸಾಕು.

ಆ ವರ್ಷ ಭಟ್ಟರ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಅಂಗಡಿಯೊಂದರಿಂದ ಫೋನು ಮಾಡಿ ಬರಲಾಗುವುದಿಲ್ಲ ಅಂತ ಹೇಳಿಸಿದರು. ಅಡಿಗೆ ಆಗಿದೆ, ಹೊತ್ತು ಮೀರುತ್ತಿದೆ, ಮಣೆ ಖಾಲಿ. ಶ್ರಾದ್ಧ ಮಾಡಿಸುವ ಪುರೋಹಿತರು ಜಗಲಿಗೂ ಒಳಗೂ ಓಡಾಡುತ್ತಿದ್ದರು.

ಆಗ ಮನೆಯ ಮುಂದೆ ಕಾರು ನಿಂತಿತು. ಸಾಹುಕಾರರು ಇಳಿದರು. ನನ್ನನ್ನು ನಂಬಿ ಆಗುವುದಿಲ್ಲ ಅಂತ ಕೆಡವುವ ಮಾತನ್ನು ತಾವೇ ಹೇಳಲು ಬಂದಿದ್ದರು.

ಅವರು ಬಾಯಿ ತೆರೆಯುವ ಮೊದಲು ಅಜ್ಜಿ ಒಳಗಿನಿಂದ ಅಭ್ಯಾಸದ ಮೇಲೆ ಕೇಳಿದರು: "ಊಟ ಆಯ್ತಾ?"

"ಇಲ್ಲ. ನಿನ್ನೆ ಸಂಜೆಯಿಂದ ಎಂತದೂ ಇಲ್ಲ" ಅಂದರು ಸಾಹುಕಾರರು. ದನಿ ಸಣ್ಣಗಿತ್ತು. "ಲ್ಯಾಬಿನಲ್ಲಿ ಸಕ್ಕರೆ ಪರೀಕ್ಷೆ. ಖಾಲಿ ಹೊಟ್ಟೇಲಿ ಒಂದು ಸಲ ರಕ್ತ ತಗೊಂಡ, ಅದೇ ತಡ ಮಾಡಿದ. ಊಟ ಮಾಡಿ ಎರಡು ಗಂಟೆ ಬಿಟ್ಟು ಮತ್ತೆ ಬನ್ನಿ ಅಂದಿದಾನೆ. ಮನೆಯಲ್ಲಿ ಯಾರೂ ಇಲ್ಲ, ಬೀಗ. ಅದಿರಲಿ, ನಾನು ಬಂದದ್ದು—"

ಪುರೋಹಿತರ ಕಣ್ಣು ಹೊಳೆಯಿತು. "ನಿನ್ನೆ ಸಂಜೆಯಿಂದ ಉಪವಾಸ! ತಮ್ಮದು ಯಾವ ಗೋತ್ರ?"

ಗೋತ್ರ ಹೇಳಿದರು. ಬೇರೆ ಗೋತ್ರ. ಎಲ್ಲ ಕೂಡಿ ಬಂತು.

ಹಿಂದಿನ ದಿನವೇ ಆಮಂತ್ರಣ ಕೊಡಬೇಕು, ನಿಯಮದಲ್ಲಿರಬೇಕು ಅಂತ ಶಾಸ್ತ್ರವಿದೆ, ನನಗೂ ಗೊತ್ತು. ಪುರೋಹಿತರಿಗೆ ಮೆಲ್ಲಗೆ ಹೇಳಿದೆ. "ಬಸ್ಸು ಕೆಟ್ಟಾಗ ಏನು ಮಾಡಬೇಕು ಅಂತಲೂ ಎಲ್ಲೋ ಇದ್ದೇ ಇರ್ತದೆ, ಸುಮ್ಮನಿರಿ ರಾಯರೇ" ಅಂದರು.

ಸಾಹುಕಾರರು ಹಿಂಜರಿದರು. "ನನಗೆ ಕೆಲಸ ಇದೆ. ಸಕ್ಕರೆ ಕಾಯಿಲೆ ಬೇರೆ."

"ಊಟ ನಿಮ್ಮದಲ್ಲ ಸ್ವಾಮೀ" ಅಂದರು ಪುರೋಹಿತರು. "ಈ ಮನೆ ಅಜ್ಜನದು. ನೀವು ಬಾಯಿ ಕೊಡೋದು ಅಷ್ಟೇ. ಪಿತೃಗಳು ಬಾಗಿಲಲ್ಲಿ ನಿಂತಿದಾರೆ. ಒಲ್ಲೆ ಅಂದು ಹೋಗ್ತೀರಾ?"

ತಂದೆಯನ್ನು ಮೂರು ಕಡೆ ಓಡಾಡಿಸುವ ಮನುಷ್ಯ. ಆ ಮಾತು ಎಲ್ಲೋ ತಾಗಿತು. ಸುಮ್ಮನೆ ಅಂಗಿ ಬಿಚ್ಚಿ ಜಗಲಿಯ ಗೂಟಕ್ಕೆ ಹಾಕಿ ಬಚ್ಚಲಿಗೆ ಹೋದರು. ಸ್ನಾನ ಮಾಡಿ ಕಿರೀಟದವರ ಮಡಿಪಂಚೆ ಉಟ್ಟು ಬಂದರು. ಪಂಚೆ ಮೊಣಕಾಲಿಗೇ ಮುಗಿದಿತ್ತು.

ಕಿರೀಟದವರು ಮೊದಲು ನನ್ನ ಕಾಲು ತೊಳೆದರು, ಆಮೇಲೆ ಸಾಹುಕಾರರದು. ನಾನು ದೇವರ ಮಣೆ, ಅವರು ಅಜ್ಜನ ಮಣೆ. ನನ್ನ ಧಣಿಗಿಂತ ಮೊದಲು ನನಗೆ ಉಪಚಾರ! ಸಾಹುಕಾರರು ನನ್ನನ್ನು ಕೆಂಗಣ್ಣಿನಿಂದ ನೋಡಿದರು. ಉಣ್ಣುವಾಗ ಮೌನ, ಬೈಯುವ ಹಾಗಿಲ್ಲ. ಮಿಲ್ಲಿಗೆ ಸೇರಿದ ಮೇಲೆ ಅವರೆದುರು ನಾನು ನಿಶ್ಚಿಂತೆಯಿಂದ ಉಂಡದ್ದು ಅದೇ ಮೊದಲು.

ಬಡಿಸುವಾಗ ಅಜ್ಜಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೇಳಿಕೊಡುತ್ತಿದ್ದರು. ಸಾಹುಕಾರರು ಸಕ್ಕರೆಗೆ ಒಳ್ಳೆಯದು ಅಂತ ಹಾಗಲಕಾಯಿ ಪಲ್ಯದ ಕಡೆ ಬೆರಳು ತೋರಿಸಿದರು.

"ಹಾಗಲಕಾಯಿ ಶಾಸ್ತ್ರಕ್ಕೆ ಚೂರು ಸಾಕು. ಅವರಿಗೆ ಅದು ಆಗ್ತಿರಲಿಲ್ಲ" ಅಂದರು ಅಜ್ಜಿ.

ಪಾಯಸ ಬಂದಾಗ ಸಾಹುಕಾರರು ಎಲೆಗೆ ಎರಡೂ ಕೈ ಅಡ್ಡ ಹಿಡಿದರು.

"ಮೊದಲಿಂದಲೂ ಹಾಗೇ, ಸುಮ್ಮನೆ ಸಂಕೋಚ. ಪಾಯಸ ಅಂದ್ರೆ ಅವರಿಗೆ ಪ್ರಾಣ. ಇನ್ನೆರಡು ಸೌಟು ಹಾಕು."

ಹಾಕಿದರು. ಸುಕ್ಕಿನುಂಡೆ ಬಂತು, ವಡೆ ಬಂತು, ಮತ್ತೆ ಪಾಯಸ ಬಂತು. ಮೊದಮೊದಲು ಸಾಹುಕಾರರು ಹೆದರಿ ಉಣ್ಣುತ್ತಿದ್ದರು. ಆಮೇಲೆ ನೋಡಿದರೆ, ಉಣ್ಣುತ್ತಿದ್ದರು.

ಅಷ್ಟರಲ್ಲಿ ಜಗಲಿಯ ಗೂಟದಲ್ಲಿದ್ದ ಅಂಗಿಯ ಜೇಬಿನಲ್ಲಿ ಮೊಬೈಲ್ ಬಡಿದುಕೊಂಡಿತು. ಮನೆಯಲ್ಲಿರುವವರೆಲ್ಲ ಮಡಿ. ಮುಟ್ಟುವವರಿಲ್ಲ. ನಿಂತಿತು, ಮತ್ತೆ ಹೊಡೆಯಿತು. ಸೊಸೆ ತಡೆಯಲಾರದೆ ಮಡಿಬಟ್ಟೆ ಗಳುವಿಗೆ ಏರಿಸುವ ಕೋಲು ತಂದು, ದೂರ ನಿಂತು ಅಂಗಿಗೆ ತಿವಿದರು. ಮೊಬೈಲ್ ಕೆಳಗೆ ಬಿತ್ತು. ಕೋಲಿನ ತುದಿಯಿಂದಲೇ ಒಂದು ಗುಂಡಿ ಒತ್ತಿದರು.

"ಹಲೋ, ಎಲ್ಲಿದೀರಿ?" ಅಮ್ಮನವರ ದನಿ ನೆಲದ ಮೇಲಿಂದ ಎದ್ದು ಒಳಗಿನವರೆಗೂ ಕೇಳಿಸಿತು.

ಸೊಸೆ ಕೋಲು ಹಿಡಿದು ನಿಂತಲ್ಲಿಂದಲೇ ಕೂಗಿದರು: "ಅಮ್ಮಾ, ಅವರು ಈಗ ನಮ್ಮ ಮಾವನವರಾಗಿ ಕೂತಿದಾರೆ. ಮಾತಾಡೋ ಹಾಗಿಲ್ಲ."

"ಹಾಗಾದ್ರೆ ನಿಮ್ಮ ಮಾವನವರನ್ನೇ ಕರೀರಿ."

"ಅವರು ತೀರಿಕೊಂಡು ಹನ್ನೊಂದು ವರ್ಷ ಆಯ್ತಮ್ಮಾ."

ಆಮೇಲೆ, "ರಾಂಗ್ ನಂಬರ್" ಅಂತ ಅಮ್ಮನವರು ಇಟ್ಟರು.

ಊಟ ಮುಗಿಯಿತು. ತೃಪ್ತರಾದಿರಾ ಅಂತ ಕಿರೀಟದವರು ಮಂತ್ರದಲ್ಲಿ ಕೇಳಿದರು. ತೃಪ್ತರಾದೆವು ಅಂತ ನಾವಿಬ್ಬರೂ ಹೇಳಿದೆವು. ಸಾಹುಕಾರರ ದನಿ ನನಗಿಂತ ಗಟ್ಟಿಯಾಗಿತ್ತು. ಆಮೇಲೆ ಕಿರೀಟದವರು ನಮ್ಮಲ್ಲಿ ಬೇಡುವ ವರ: ಈ ಮನೆಯಲ್ಲಿ ಅನ್ನ ಹೆಚ್ಚಲಿ, ಅತಿಥಿಗಳು ಬರುತ್ತಿರಲಿ, ಕೇಳುವವರು ನಮ್ಮಲ್ಲಿಗೆ ಬರಲಿ, ನಾವು ಯಾರನ್ನೂ ಕೇಳುವ ಹಾಗಾಗದಿರಲಿ. ಪುರೋಹಿತರು ಒಂದೊಂದನ್ನೂ ಬಿಡಿಸಿ ಹೇಳಿದರು. ಒಂದೊಂದಕ್ಕೂ ನಾವು "ಹಾಗೇ ಆಗಲಿ" ಅಂತ ಅಕ್ಷತೆ ಹಾಕಿದೆವು.

ಕೊನೆಗೆ ಅಜ್ಜಿ ಬಂದರು. ಅಜ್ಜನ ಮಣೆಗೆ ನಮಸ್ಕಾರ ಮಾಡಿ, ಗೋಡೆಗೆ ಒರಗಿ ಕೂತು ವರದಿ ಶುರು ಮಾಡಿದರು. ಎದುರಿಗೆ ಕೂತವರು ಯಾರು ಅನ್ನುವುದು ಅಜ್ಜಿಗೆ ಮರೆತಿತ್ತೋ, ಚೆನ್ನಾಗಿ ನೆನಪಿತ್ತೋ, ಇವತ್ತಿಗೂ ನನಗೆ ತಿಳಿಯದು.

"ಕರು ಈಗ ದೊಡ್ಡದಾಗಿದೆ. ಸೊಸೆ ಪಪ್ಪಾಯಿ ಹಪ್ಪಳ ಮಾಡಿದಳು, ನೀವಿಲ್ಲದ್ದು ಒಳ್ಳೇದಾಯ್ತು. ಪಕ್ಕದ ರಾಯರು ಒಬ್ಬರೇ, ಉಪ್ಪು ಮರೀತಾರೆ. ನಾನು ನೋಡಿಕೊಳ್ತಾ ಇದೀನಿ." ಸ್ವಲ್ಪ ತಡೆದು ಹೇಳಿದರು: "ಅರ್ಧ ಮನೆ ಮಾರುವಾಗ ನೀವು ನನ್ನನ್ನ ಒಂದು ಮಾತು ಕೇಳಲಿಲ್ಲ. ನಾನು ಹಾಗಲ್ಲ, ಕೇಳಿಯೇ ಮಾಡೋಳು. ಈಗ ಉಳಿದರ್ಧನೂ ಬೇಕಂತೆ. ಒಳ್ಳೇ ಜನ, ತುಂಬ ಕೊಡ್ತಾರಂತೆ. ಎಂತ ಮಾಡಲಿ? ಕೊಡಲಾ?"

ಪುರೋಹಿತರು ದರ್ಭೆ ಎಣಿಸುತ್ತಾ ಕೂತರು. ಸಾಹುಕಾರರು ತಮ್ಮ ಎಲೆಯನ್ನು ನೋಡಿದರು. ಗೋಡೆಯನ್ನು ನೋಡಿದರು. ಅದು ಸೂರಿಗೆ ಮುಟ್ಟದ ಜಾಗದಲ್ಲಿ ಬೆಕ್ಕು ಕೂತಿತ್ತು.

"ಕೊಡಬೇಡ ಕಣೇ" ಅಂದರು.

ಅಂದವರೇ ನಾಲಿಗೆ ಕಚ್ಚಿಕೊಂಡರು. ಎಪ್ಪತ್ತು ದಾಟಿದ ಹಿರಿಯಳು! ಅಜ್ಜಿ ಮಾತ್ರ ಸೆರಗು ಬಾಯಿಗಿಟ್ಟುಕೊಂಡು, "ಹೂಂ, ಹಾಗೇ ಆಗಲಿ" ಅಂತ ಎದ್ದು ಒಳಗೆ ಹೋದರು.

ಎರಡು ಗಂಟೆ ಕಳೆದು ಲ್ಯಾಬಿಗೆ ಹೋಗುವಾಗ ಸಾಹುಕಾರರು ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡರು. ಬಸ್ ಸ್ಟ್ಯಾಂಡ್ ದಾಟಿದೆವು. ಆಮೇಲೆ ಹೇಳಿದರು: "ಆ ಅಜ್ಜ ಪುಣ್ಯವಂತ ಮಾರಾಯ. ಸತ್ತು ಹನ್ನೊಂದು ವರ್ಷ ಆಯ್ತು, ಇನ್ನೂ ಅವನನ್ನ ಕೇಳ್ತಾರೆ. ನಾನು ಬದುಕಿದೀನಿ. ಮಜ್ಜಿಗೆ ಬೇಕಾ ಅಂತ ಕೇಳೋರಿಲ್ಲ."

ಉಪ್ಪು ಹಾಕಿದೆಯಾ ಅಂತ ಕೇಳುವವರು ನನಗೊಬ್ಬರಿದ್ದಾರೆ ಅನ್ನುವುದನ್ನು ಆ ಹೊತ್ತಿನಲ್ಲಿ ಹೇಳಿದರೆ ಜಂಬವಾಗುತ್ತಿತ್ತು.

"ಮನೆ ಹಾಗೇ ಇರಲಿ" ಅಂದರು. "ಮುಂದಿನ ವರ್ಷ ಆ ಕಮ್ಮರಡಿ ಭಟ್ಟರು ಬರ್ತಾರಾ?"

"ಬಸ್ಸು ಸರಿ ಇದ್ದರೆ ಬರ್ತಾರೆ."

"ಬಸ್ಸಿನವರಿಗೆ ನಾನು ಹೇಳ್ತೇನೆ" ಅಂದರು. ಸರಿ ಇಡಲು ಹೇಳುತ್ತಾರೋ, ಕೆಡಿಸಲು ಹೇಳುತ್ತಾರೋ, ನಾನು ಕೇಳಲಿಲ್ಲ.

ಲ್ಯಾಬಿನವನು ರಕ್ತ ತೆಗೆದು ಒಳಗೆ ಹೋದ. ಸುಮಾರು ಹೊತ್ತು ಬಿಟ್ಟು ಕಾಗದ ಹಿಡಿದು ಗಾಬರಿಯಿಂದ ಓಡಿ ಬಂದ. "ಸಾರ್! ಇದೆಂತ ಸಾರ್ ಇದು? ನೀವು ತಿಂದಿದ್ದು ಎಂತ?"

ಸಾಹುಕಾರರು ಅಂಗಿಯ ತೋಳು ಇಳಿಸಿಕೊಳ್ಳುತ್ತಾ, ಸಮಾಧಾನವಾಗಿ ಹೇಳಿದರು: "ನಾನು ನಿನ್ನೆ ಸಂಜೆಯಿಂದ ಎಂತದೂ ತಿಂದಿಲ್ಲ ಮಾರಾಯ. ತಿಂದದ್ದು ಪಕ್ಕದ ಮನೆ ಅಜ್ಜ."